ಸಿಂಥೆಟಿಕ್ ಎಣ್ಣೆಯೋ, ಸಾದಾ ಎಣ್ಣೆಯೋ? ಸಿಂಧನೂರಿನ ದಾರಿ ಹಿಡಿಯುವ ಸದಸ್ಯರಿಗೊಂದು ಪಾಠ

ಕಾಫಿ ಕೊಯ್ಲೂ ಅಡಿಕೆ ಕೊಯ್ಲೂ ಒಟ್ಟಿಗೆ ಎದುರಾಗುವ ದಿನಗಳಲ್ಲಿ ನಮ್ಮ ಸಂಘದ ಸದಸ್ಯರಲ್ಲಿ ಹಲವರು ರಾಯಚೂರು ಜಿಲ್ಲೆಯ ಕಡೆಗೆ ಪ್ರಯಾಣ ಬೆಳೆಸುವುದು ರೂಢಿ. ಮಸ್ಕಿ, ಲಿಂಗಸುಗೂರು ಸುತ್ತಿನ ಹಳ್ಳಿಗಳಿಂದ ಕೊಯ್ಲಿಗೆ ಬರುವ ಕುಟುಂಬಗಳನ್ನು ಕಂಡು, ಕೂಲಿ ಮತ್ತು ವಸತಿಯ ಮಾತು ಮುಗಿಸಿ, ಹಿಂದಿರುಗುವಾಗ ಲೈನುಮನೆಗಳಿಗೆ ಬೇಕಾದ ಅಕ್ಕಿಯನ್ನು ಸಿಂಧನೂರಿನಲ್ಲಿ ಗೊತ್ತುಮಾಡಿಕೊಂಡು ಬರುತ್ತಾರೆ. ಘಟ್ಟದ ಊರುಗಳಿಂದ ಚಿತ್ರದುರ್ಗ, ಹೊಸಪೇಟೆ, ಗಂಗಾವತಿ ದಾಟಿ ಸಿಂಧನೂರು ಮುಟ್ಟಲು ಒಂದು ಕಡೆಗೇ ಮುನ್ನೂರು ಕಿಲೋಮೀಟರಿಗೂ ಮೇಲಾಗುತ್ತದೆ. ಮಳೆಗಾಲವೆಲ್ಲ ತೋಟಕ್ಕೂ ಪೇಟೆಗೂ ನಡುವೆ ಐದಾರು ಕಿಲೋಮೀಟರು ಓಡಾಡಿಕೊಂಡಿದ್ದ ಕಾರು ಆ ದಿನ ಒಮ್ಮೆಲೇ ಈ ದೂರಕ್ಕೆ ಹೊರಡುತ್ತದೆ.

ಹೊರಡುವ ಮುನ್ನ ಎಣ್ಣೆ ಬದಲಿಸಲು ಗ್ಯಾರೇಜಿಗೆ ಹೋದರೆ ಮೇಸ್ತ್ರಿಯ ಮೊದಲ ಪ್ರಶ್ನೆ: "ಸಿಂಥೆಟಿಕ್ ಹಾಕಲೋ, ಸಾದಾ ಹಾಕಲೋ?" ಒಂದರ ಬೆಲೆ ಇನ್ನೊಂದರ ಎರಡು ಪಾಲಿಗೂ ಮೇಲಿರಬಹುದು. ದುಬಾರಿಯದೇ ಒಳ್ಳೆಯದೆಂದು ಕೆಲವರು ಹಾಕಿಸುತ್ತಾರೆ. ಎಲ್ಲ ಎಣ್ಣೆಯೂ ಒಂದೇ ಎಂದು ಕೆಲವರು ಅಗ್ಗದ್ದನ್ನು ಸುರಿಸುತ್ತಾರೆ. ಇಬ್ಬರೂ ನಷ್ಟಪಡುವ ಸಂಭವವುಂಟು. ಕೊಯ್ಲಿನ ನಡುವೆ ಎಂಜಿನ್ ಬಿಚ್ಚಿಸುವ ಪ್ರಸಂಗ ಬಂದರೆ ಸಣ್ಣ ಬೆಳೆಗಾರನಿಗೆ ಗೊಬ್ಬರಕ್ಕೆಂದು ತೆಗೆದಿಟ್ಟ ಹಣವೂ ಹೋಗುತ್ತದೆ, ಕೆಲಸದ ದಿನಗಳೂ ಹೋಗುತ್ತವೆ. ಆದ್ದರಿಂದ ಈ ವಿಷಯವನ್ನು ಬುಡದಿಂದಲೇ ವಿಚಾರ ಮಾಡೋಣ.

ಎಣ್ಣೆ ಮಾಡುವ ಕೆಲಸ

ಎಂಜಿನ್ನಿನ ಒಳಗೆ ಲೋಹಕ್ಕೆ ಲೋಹ ತಾಗದಂತೆ ನಡುವೆ ತೆಳುವಾದ ಪದರವಾಗಿ ನಿಲ್ಲುವುದು ಎಣ್ಣೆಯ ಮೊದಲ ಕೆಲಸ. ಅದೊಂದೇ ಅಲ್ಲ. ರೇಡಿಯೇಟರಿನ ನೀರು ಮುಟ್ಟಲಾರದ ಬೇರಿಂಗು ಮತ್ತು ಪಿಸ್ಟನ್ನಿನ ಅಡಿಭಾಗದಿಂದ ಶಾಖವನ್ನು ಒಯ್ಯುತ್ತದೆ. ಮಸಿಯನ್ನು ಗಟ್ಟಿಯಾಗಲು ಬಿಡದೆ ತನ್ನಲ್ಲಿ ತೇಲಿಸಿಕೊಳ್ಳುತ್ತದೆ. ಪಿಸ್ಟನ್ ರಿಂಗುಗಳ ಸಂದು ಮುಚ್ಚುತ್ತದೆ. ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಮುರಿದು ತುಕ್ಕು ತಡೆಯುತ್ತದೆ. ಹೊಸ ಎಣ್ಣೆ ಬೇಗ ಕಪ್ಪಾಯಿತೆಂದು ಗಾಬರಿಪಡುವವರಿದ್ದಾರೆ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಕಪ್ಪಾಗುವುದು ಮಸಿಯನ್ನು ಹಿಡಿದುಕೊಂಡಿರುವುದರ ಗುರುತು, ಕೆಟ್ಟಿತೆಂಬುದರ ಗುರುತಲ್ಲ.

ಈ ಎಲ್ಲ ಕೆಲಸಗಳನ್ನೂ ಮೂಲ ಎಣ್ಣೆಯೊಂದೇ ಮಾಡಲಾರದು. ಡಬ್ಬದಲ್ಲಿರುವುದು ಮೂಲ ಎಣ್ಣೆ ಮತ್ತು ಅದಕ್ಕೆ ಬೆರೆಸಿದ ರಾಸಾಯನಿಕಗಳು. ಮೂಲ ಎಣ್ಣೆ ಬಹುಕಾಲ ನಿಂತೀತು. ಬೆರೆಸಿದ ರಾಸಾಯನಿಕಗಳು ಮಾತ್ರ ಕೆಲಸ ಮಾಡುತ್ತಾ ಸವೆದುಹೋಗುತ್ತವೆ. ಅದಕ್ಕಾಗಿಯೇ ಎಣ್ಣೆ ಬದಲಿಸುವುದು.

ಎರಡಕ್ಕೂ ಇರುವ ವ್ಯತ್ಯಾಸ

ಸಾದಾ ಎಣ್ಣೆ, ಅಂದರೆ ಮಿನರಲ್ ಎಣ್ಣೆ, ಕಚ್ಚಾ ತೈಲವನ್ನು ಬಟ್ಟಿಯಿಳಿಸಿ ಶುದ್ಧಿ ಮಾಡಿ ಪಡೆದದ್ದು. ಅದರಲ್ಲಿ ದೊಡ್ಡ ಕಣ, ಸಣ್ಣ ಕಣ, ಸ್ವಲ್ಪ ಮೇಣ, ಎಲ್ಲವೂ ಉಂಟು. ಗಾತ್ರ ವಿಂಗಡಿಸದ ಕಾಫಿ ಬೀಜವನ್ನು ಹಾಗೆಯೇ ಹುರಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು: ದಪ್ಪ ಬೀಜ ಹದಕ್ಕೆ ಬರುವಷ್ಟರಲ್ಲಿ ಚೂರುಬೀಜ ಸೀದುಹೋಗುತ್ತದೆ. ಸಾದಾ ಎಣ್ಣೆಯೂ ಹಾಗೆಯೇ. ಎಂಜಿನ್ನಿನ ಕಾವಿಗೆ ಹಗುರ ಕಣಗಳು ಆವಿಯಾಗಿ ಹೋಗುತ್ತವೆ, ಉಳಿದದ್ದು ಮಂದವಾಗುತ್ತದೆ, ತಂಪಿನಲ್ಲಿ ಮೇಣದಂಶ ಬಿಗಿಯುತ್ತದೆ.

ಸಿಂಥೆಟಿಕ್ ಎಣ್ಣೆ ಜರಡಿ ಹಿಡಿದು ಒಂದೇ ಗಾತ್ರಕ್ಕೆ ತಂದ ಬೀಜದಂತೆ. ಕಣಗಳು ಹೆಚ್ಚುಕಡಿಮೆ ಸಮನಾಗಿರುವುದರಿಂದ ಕಾವಿಗೆ ಆವಿಯಾಗುವುದು ಕಡಿಮೆ, ತಂಪಿನಲ್ಲಿ ಹರಿಯುವುದು ಸುಲಭ, ಗಾಳಿ ತಾಗಿ ಕೆಡುವುದು ನಿಧಾನ. ಜೆಟ್ ವಿಮಾನಗಳ ಎಂಜಿನ್ನಿಗೆ ಇಂಥ ಎಣ್ಣೆಯೇ ಬೇಕಾಯಿತು. 1972ರಲ್ಲಿ ಅಮೆರಿಕದ ಆಮ್ಸಾಯಿಲ್ ಕಂಪನಿಯೂ 1974ರಲ್ಲಿ ಮೊಬಿಲ್ ಕಂಪನಿಯೂ ಕಾರುಗಳಿಗಾಗಿ ಇದನ್ನು ಪೇಟೆಗೆ ತಂದವು. ನಮ್ಮ ಸಣ್ಣ ಊರುಗಳ ಅಂಗಡಿಗಳಿಗೆ ಇದು ತಲುಪಿದ್ದು ಬಹಳ ತಡವಾಗಿ.

ಬಿರುದು ಬೇರೆ, ಹೆಸರು ಬೇರೆ

ಇಲ್ಲಿ ಮಸ್ಕಿಯ ಒಂದು ಸಂಗತಿಯನ್ನು ಜ್ಞಾಪಿಸಿಕೊಳ್ಳುವುದು ಉಪಯುಕ್ತ. ದೇಶದ ಹಲವು ಕಡೆಯ ಬಂಡೆಗಳ ಮೇಲೆ 'ದೇವಾನಾಂಪ್ರಿಯ' ಎಂಬ ಬಿರುದಿನ ಶಾಸನಗಳು ಸಿಕ್ಕಿದ್ದವು. ಆ ಅರಸನ ಸ್ವಂತ ಹೆಸರು ಅವುಗಳಲ್ಲಿ ಇರಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಬಿರುದು ಯಾರದೆಂಬುದು ಅದರಿಂದ ಖಚಿತವಾಯಿತು.

ಎಣ್ಣೆಯ ಡಬ್ಬದ ಮೇಲೂ ಬಿರುದು ಒಂದಿರುತ್ತದೆ, ಹೆಸರು ಒಂದಿರುತ್ತದೆ. 'ಫುಲ್ಲಿ ಸಿಂಥೆಟಿಕ್' ಎಂಬುದು ಬಿರುದು. ಆ ಮಾತಿನ ಬೆಲೆಯೆಷ್ಟು ಎಂಬುದನ್ನು ನೋಡಿ. ಮೂಲ ಎಣ್ಣೆಗಳನ್ನು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಐದು ಗುಂಪು ಮಾಡಿದೆ. ಮೊದಲ ಮೂರು ಕಚ್ಚಾ ತೈಲದಿಂದ ಬಂದವು. ನಾಲ್ಕನೆಯದು ಕಾರ್ಖಾನೆಯಲ್ಲಿ ಕಣಕ್ಕೆ ಕಣ ಜೋಡಿಸಿ ಮಾಡಿದ್ದು. ಐದನೆಯದರಲ್ಲಿ ಎಸ್ಟರ್ ಮೊದಲಾದ ಉಳಿದವು. ಮೂರನೆಯ ಗುಂಪಿನ ಎಣ್ಣೆ ಕಚ್ಚಾ ತೈಲದ್ದೇ ಆದರೂ ಜಲಜನಕದೊಡನೆ ಭಾರಿ ಒತ್ತಡದಲ್ಲಿ ಸಂಸ್ಕರಿಸಿ ಬಹಳ ಶುದ್ಧ ಮಾಡಿದ್ದು. ಇದನ್ನು ಸಿಂಥೆಟಿಕ್ ಎನ್ನಬಹುದೇ ಎಂದು ಮೊಬಿಲ್ ಕಂಪನಿಯು ಕ್ಯಾಸ್ಟ್ರಾಲ್ ಕಂಪನಿಯ ಜಾಹೀರಾತಿನ ಮೇಲೆ ದೂರು ಕೊಟ್ಟಿತು. 1999ರಲ್ಲಿ ಅಮೆರಿಕದ ಜಾಹೀರಾತು ಪರಿಶೀಲನಾ ಮಂಡಳಿ ಎನ್ನಬಹುದೆಂದೇ ತೀರ್ಮಾನಿಸಿತು. ಅಂದಿನಿಂದ ಮೂರನೆಯ ಗುಂಪಿನ ಎಣ್ಣೆಯೂ ಅದೇ ಬಿರುದಿನಲ್ಲಿ ಮಾರಾಟವಾಗುತ್ತಿದೆ. ಅದು ಕೆಟ್ಟ ಎಣ್ಣೆಯಲ್ಲ. ಆದರೆ ಬಿರುದು ಒಂದೇ ಆದರೂ ಒಳಗಿನ ಸರಕು ಒಂದೇ ಅಲ್ಲವೆಂಬುದನ್ನು ತಿಳಿದಿರಬೇಕು. 'ಸೆಮಿ ಸಿಂಥೆಟಿಕ್' ಎಂಬುದು ಎರಡರ ಬೆರಕೆ; ಎಷ್ಟಕ್ಕೆ ಎಷ್ಟು ಎಂಬುದನ್ನು ಆ ಮಾತು ಹೇಳುವುದಿಲ್ಲ.

ನಿಜವಾದ ಹೆಸರು ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ. ಅದರಲ್ಲಿ ಎರಡು ಭಾಗ.

ಒಂದು, ಮಂದತೆಯ ಗ್ರೇಡು: 20ಡಬ್ಲ್ಯು-50, 15ಡಬ್ಲ್ಯು-40, 5ಡಬ್ಲ್ಯು-30, 0ಡಬ್ಲ್ಯು-20 ಹೀಗೆ. ಬೆಲ್ಲದ ಪಾಕ ತಣ್ಣಗಿದ್ದಾಗ ಗಟ್ಟಿ, ಕಾದಾಗ ನೀರು, ಎಣ್ಣೆಯೂ ಹಾಗೆ. ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಿನ ಅಂಕೆ ತಂಪಿನಲ್ಲಿ ಎಣ್ಣೆ ಹೇಗೆ ಹರಿಯುತ್ತದೆಂಬುದನ್ನೂ, ಮುಂದಿನ ಅಂಕೆ 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನೂ ಹೇಳುತ್ತದೆ.

ಎರಡು, ಗುಣಮಟ್ಟದ ಅಕ್ಷರ. ಎಪಿಐ ಪದ್ಧತಿಯಲ್ಲಿ 'ಎಸ್' ಎಂದು ಆರಂಭವಾದರೆ ಪೆಟ್ರೋಲ್ ಎಂಜಿನ್ನಿಗೆ, 'ಸಿ' ಎಂದಾದರೆ ಡೀಸೆಲ್ ಎಂಜಿನ್ನಿಗೆ. ಪೆಟ್ರೋಲಿನಲ್ಲಿ ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಮಟ್ಟ ಹೊಸದು: ಎಸ್‌ಎಲ್, ಎಸ್‌ಎನ್, 2020ರಲ್ಲಿ ಬಂದ ಎಸ್‌ಪಿ. ಡೀಸೆಲಿನಲ್ಲಿ ಸಿಎಚ್-4, ಸಿಐ-4, ಸಿಕೆ-4 ಇತ್ಯಾದಿ.

ಈ ಎರಡೂ ನಿಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿದ್ದಕ್ಕೆ ಹೊಂದಬೇಕು. ಹೊಂದದಿದ್ದರೆ ಎಷ್ಟು ದುಬಾರಿಯ ಸಿಂಥೆಟಿಕ್ ಆದರೂ ಅದು ನಿಮ್ಮ ಎಂಜಿನ್ನಿನ ಎಣ್ಣೆಯಲ್ಲ.

ಘಟ್ಟದ ಓಟ, ಸಿಂಧನೂರಿನ ಓಟ

ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿಗೆ ಹೋಗುವಾಗ ಮಂದವಾದ ಎಣ್ಣೆಯೋ ಸಿಂಥೆಟಿಕ್ಕೋ ಬೇಕೇಬೇಕೆಂದು ಹಲವರ ನಂಬಿಕೆ. ಇದು ಅರ್ಧ ಸರಿ. ಥರ್ಮೋಸ್ಟಾಟ್ ಇರುವ ಎಂಜಿನ್ ತನ್ನ ನೀರನ್ನು ಸುಮಾರು 90 ಡಿಗ್ರಿಯಲ್ಲೇ ಇಟ್ಟುಕೊಳ್ಳುತ್ತದೆ, ಹೊರಗೆ 20 ಡಿಗ್ರಿ ಇರಲಿ 42 ಇರಲಿ. ರೇಡಿಯೇಟರ್ ಸರಿಯಿದ್ದರೆ ಎಣ್ಣೆಯ ಕಾವಿನಲ್ಲಿ ಅಂಥ ಭಾರಿ ವ್ಯತ್ಯಾಸ ಬರುವುದಿಲ್ಲ. ಆದರೆ ನಾಲ್ಕು ಜನ ಕುಳಿತು, ಏಸಿ ಹಾಕಿ, ಭತ್ತ ಹೇರಿದ ಟ್ರ್ಯಾಕ್ಟರಿನ ಹಿಂದೆ ನಿಧಾನವಾಗಿ ತೆವಳುವಾಗ ಗಾಳಿ ಸಾಲದೆ ಕಾವು ಏರುತ್ತದೆ. ರೇಡಿಯೇಟರಿನ ಸಂದುಗಳಲ್ಲಿ ಹೊಟ್ಟು ತುಂಬಿದ್ದರೆ ಇನ್ನೂ ಏರುತ್ತದೆ. ಅಂಥ ವೇಳೆಯಲ್ಲಿ ಸಿಂಥೆಟಿಕ್ ಎಣ್ಣೆ ಹೆಚ್ಚು ತಾಳಿಕೊಳ್ಳುತ್ತದೆ ಎಂಬುದು ನಿಜ. ಟರ್ಬೋ ಇರುವ ಕಾರಿಗೆ ಇದು ಬಹಳ ಮುಖ್ಯ. ಟರ್ಬೋದ ಬೇರಿಂಗು ವಿಪರೀತ ಕಾಯುತ್ತದೆ, ಅಲ್ಲಿ ಸಾದಾ ಎಣ್ಣೆ ಬೇಗ ಸುಟ್ಟು ಕರಿಯಾಗುತ್ತದೆ.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ, ಟ್ರ್ಯಾಕ್ಟರುಗಳ ಊರು. ಭತ್ತ ಕೊಯ್ಯುವ ಯಂತ್ರಗಳು ಗದ್ದೆಗಿಳಿದ ದಿನಗಳಲ್ಲಿ ಕ್ಯಾಂಪುಗಳ ಒಳರಸ್ತೆಗಳಲ್ಲಿ ಹೊಟ್ಟು, ಎರೆಮಣ್ಣಿನ ಧೂಳು ಒಂದಾಗಿ ಏಳುತ್ತದೆ. ಈ ಧೂಳೇ ಎಂಜಿನ್ನಿನ ದೊಡ್ಡ ಶತ್ರು. ಏರ್ ಫಿಲ್ಟರಿನ ಅಂಚಿನಲ್ಲಿ ಸಂದು ಬಿಟ್ಟಿದ್ದರೆ ಒಳನುಗ್ಗಿದ ಮರಳಿನಂಶ ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಯಾವ ಎಣ್ಣೆಯೂ ಇದನ್ನು ತಡೆಯಲಾರದು. ಸಿಂಥೆಟಿಕ್ಕಿಗೆ ಕೊಡುವ ಹೆಚ್ಚಿನ ಹಣದಲ್ಲಿ ಒಂದು ಪಾಲು ಹೊಸ ಏರ್ ಫಿಲ್ಟರಿಗೆ ಹೋದರೆ ಆ ದಾರಿಗೆ ಅದೇ ಲಾಭ. ಹಳೆಯ ಜೀಪುಗಳ ಎಣ್ಣೆಬಟ್ಟಲಿನ ಏರ್ ಫಿಲ್ಟರಾದರೆ ಬಟ್ಟಲನ್ನು ತೊಳೆದು ಹೊಸ ಎಣ್ಣೆ ತುಂಬತಕ್ಕದ್ದು.

ಇನ್ನು ನಮ್ಮ ಮಲೆನಾಡಿನ ಓಟ. ಇದು ಎಣ್ಣೆಗೆ ಸುಲಭವೆಂದು ತಿಳಿಯುವುದು ತಪ್ಪು. ಐದು ಕಿಲೋಮೀಟರು ಓಡಿ ನಿಂತ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಇಂಧನ ಉರಿದಾಗ ಹುಟ್ಟುವ ನೀರಾವಿ ಹೊರಹೋಗದೆ ಎಣ್ಣೆಯಲ್ಲೇ ಸೇರುತ್ತದೆ, ಉರಿಯದ ಇಂಧನವೂ ಇಳಿಯುತ್ತದೆ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯ ನೊರೆಯಂಥ ಬಿಳಿ ಪದರ ಕಂಡರೆ ಕಾರಣ ಸಾಮಾನ್ಯವಾಗಿ ಇದೇ. ಅದೇ ಬಿಳುಪು ಡಿಪ್‌ಸ್ಟಿಕ್ಕಿನ ಮೇಲೂ ಕಂಡರೆ ತಡಮಾಡದೆ ಮೇಸ್ತ್ರಿಗೆ ತೋರಿಸಬೇಕು. ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು.

2020ರ ಏಪ್ರಿಲಿನಿಂದ ಬಂದ ಬಿಎಸ್-6 ಡೀಸೆಲ್ ವಾಹನಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಇವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಉಂಟು. ಕೂಡಿದ ಮಸಿಯನ್ನು ಆಗಾಗ ಸುಡಲು ಎಂಜಿನ್ ತಾನಾಗಿಯೇ ಹೆಚ್ಚು ಡೀಸೆಲ್ ಬಿಡುತ್ತದೆ. ಸುಡುವುದು ಮುಗಿಯುವ ಮೊದಲೇ ಕಾರು ನಿಲ್ಲಿಸುತ್ತಾ ಹೋದರೆ ಆ ಡೀಸೆಲ್ ಎಣ್ಣೆಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಕಡಿಮೆಯಾಗುವ ಬದಲು ಮೇಲೇರಿದರೆ ಸಂತೋಷಪಡಬೇಡಿ. ಅದು ಡೀಸೆಲ್ ಬೆರೆತು ಎಣ್ಣೆ ತೆಳುವಾದ ಗುರುತು. ಸಿಂಥೆಟಿಕ್ ಆದರೂ ಕೂಡಲೇ ಬದಲಿಸಬೇಕು.

ಹೀಗೆ ನೋಡಿದರೆ ಸಿಂಧನೂರಿನ ದಾರಿ ಧೂಳಿನಿಂದಲೂ ತೋಟದ ದಾರಿ ತೇವದಿಂದಲೂ ಎಣ್ಣೆಯನ್ನು ಕೆಡಿಸುತ್ತವೆ. ಧೂಳು, ಸಣ್ಣ ಓಟ, ಭಾರ ಇವುಗಳನ್ನು ಅನೇಕ ಕೈಪಿಡಿಗಳು ಕಠಿಣ ಬಳಕೆ ಎಂದೇ ಹೆಸರಿಸಿ, ಬದಲಿಸುವ ಅವಧಿಯನ್ನು ಕಡಿಮೆ ಮಾಡಲು ಹೇಳುತ್ತವೆ. ನಾವೆಲ್ಲರೂ ಆ ಸಾಲಿಗೇ ಸೇರಿದವರು.

ಖರ್ಚಿನ ಲೆಕ್ಕ

ಎರಡು ಎಣ್ಣೆಗೂ ಅವಕಾಶವಿರುವ ಒಂದು ಕಾರನ್ನು ತೆಗೆದುಕೊಳ್ಳೋಣ. ಬೆಲೆಗಳು ಲೆಕ್ಕದ ಸಲುವಾಗಿ ಹಿಡಿದವು. ನಿಮ್ಮ ಊರಿನ ಬೆಲೆ ಹಾಕಿ ತಿದ್ದಿಕೊಳ್ಳಿ. ಎಂಜಿನ್ನಿಗೆ 4 ಲೀಟರು ಬೇಕು. ಸಾದಾ ಎಣ್ಣೆ ಲೀಟರಿಗೆ 400 ರೂ., ಸಿಂಥೆಟಿಕ್ 900 ರೂ., ಆಯಿಲ್ ಫಿಲ್ಟರ್ 300 ರೂ. ಎನ್ನೋಣ. ಸಾದಾ ಎಣ್ಣೆಯನ್ನು 5,000 ಕಿಲೋಮೀಟರಿಗೆ, ಸಿಂಥೆಟಿಕ್ಕನ್ನು 10,000ಕ್ಕೆ, ಅಥವಾ ಎರಡನ್ನೂ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸಬೇಕು.

ಸಾದಾ ಎಣ್ಣೆಗೆ ಒಂದು ಸಲದ ಖರ್ಚು 1,900 ರೂ., ಅಂದರೆ ಕಿಲೋಮೀಟರಿಗೆ 38 ಪೈಸೆ. ಸಿಂಥೆಟಿಕ್ಕಿಗೆ 3,900 ರೂ., ಕಿಲೋಮೀಟರಿಗೆ 39 ಪೈಸೆ. ವರ್ಷಕ್ಕೆ 20,000 ಕಿಲೋಮೀಟರು ಓಡುವವರಿಗೆ ಸಾದಾ ನಾಲ್ಕು ಸಲ, 7,600 ರೂ.; ಸಿಂಥೆಟಿಕ್ ಎರಡು ಸಲ, 7,800 ರೂ. ಹಣ ಹೆಚ್ಚುಕಡಿಮೆ ಒಂದೇ, ಗ್ಯಾರೇಜಿನ ಅಲೆದಾಟ ಅರ್ಧ. ಇವರಿಗೆ ಸಿಂಥೆಟಿಕ್ ದುಬಾರಿಯಲ್ಲ.

ಆದರೆ ವರ್ಷಕ್ಕೆ 4,000 ಕಿಲೋಮೀಟರು ಮಾತ್ರ ಓಡುವ ತೋಟದ ವಾಹನಕ್ಕೆ ಯಾವ ಎಣ್ಣೆಯಾದರೂ ವರ್ಷ ತುಂಬಿದ ಕೂಡಲೇ ತೆಗೆಯಲೇಬೇಕು. ಸಾದಾ 1,900, ಸಿಂಥೆಟಿಕ್ 3,900. ಹೆಚ್ಚು ಕೊಟ್ಟ 2,000 ರೂಪಾಯಿಗೆ ಪ್ರತಿಯಾಗಿ ಆ 10,000 ಕಿಲೋಮೀಟರಿನ ಬಾಳಿಕೆ ಬಳಕೆಗೇ ಬರಲಿಲ್ಲ. ಸಿಂಥೆಟಿಕ್ ಹಾಕಿದ್ದೇನೆಂಬ ಧೈರ್ಯದಲ್ಲಿ ಎರಡು ವರ್ಷ ಬಿಟ್ಟರೆ ಇನ್ನೂ ಕೆಟ್ಟದ್ದು, ಏಕೆಂದರೆ ಸೇರಿದ ತೇವಕ್ಕೆ ಡಬ್ಬದ ಬಿರುದು ಗೊತ್ತಿರುವುದಿಲ್ಲ.

ಯಾರಿಗೆ ಯಾವುದು?

ಬಿಎಸ್-6 ಕಾರು, ಟರ್ಬೋ ಕಾರು, ಕೈಪಿಡಿಯಲ್ಲಿ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಹೇಳಿರುವ ಕಾರು: ಇವಕ್ಕೆ ಹೇಳಿದ ಗ್ರೇಡನ್ನೇ ಹಾಕಬೇಕು. ಆ ತೆಳು ಗ್ರೇಡುಗಳು ಪೇಟೆಯಲ್ಲಿ ಸಾಮಾನ್ಯವಾಗಿ ಸಿಂಥೆಟಿಕ್ ಆಗಿಯೇ ಸಿಗುವುದರಿಂದ ಇಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಸಿಂಧನೂರಿನ ಬಿಸಿಲಿಗೆಂದು 20ಡಬ್ಲ್ಯು-50 ಸುರಿಸಬಾರದು. ಮಸಿ ಫಿಲ್ಟರ್ ಇರುವ ಡೀಸೆಲ್ ಕಾರಿಗೆ ಬೂದಿ ಕಡಿಮೆ ಬಿಡುವ ಎಣ್ಣೆ ಬೇಕು. ಯುರೋಪಿನ ಎಸಿಇಎ ಪದ್ಧತಿಯ ಸಿ-2, ಸಿ-3 ಎಂಬ ಗುರುತುಗಳು ಅದಕ್ಕಾಗಿಯೇ ಇವೆ. ಬೇರೆ ಎಣ್ಣೆಯ ಬೂದಿ ಫಿಲ್ಟರಿನಲ್ಲಿ ಕಟ್ಟಿಕೊಂಡರೆ ಮಸಿಯಂತೆ ಸುಟ್ಟುಹೋಗುವುದಿಲ್ಲ.

ಹಳೆಯ ಡೀಸೆಲ್ ಜೀಪು, ಪಿಕಪ್ಪು: ಕೈಪಿಡಿಯಲ್ಲಿ ಬೇರೆ ಹೇಳದಿದ್ದರೆ ಒಳ್ಳೆಯ 15ಡಬ್ಲ್ಯು-40, ಸಿಎಚ್-4 ಅಥವಾ ಸಿಐ-4 ಮಟ್ಟದ ಸಾದಾ ಎಣ್ಣೆ ಧಾರಾಳ ಸಾಕು. ವೇಳೆಗೆ ಸರಿಯಾಗಿ ಬದಲಿಸಿದ ಸಾದಾ ಎಣ್ಣೆ, ವೇಳೆ ಮೀರಿದ ಸಿಂಥೆಟಿಕ್ಕಿಗಿಂತ ಮೇಲು. ಲಕ್ಷಾಂತರ ಕಿಲೋಮೀಟರು ಓಡಿ ಸೀಲುಗಳು ಗಟ್ಟಿಯಾದ ಎಂಜಿನ್ನಿಗೆ ತೆಳು ಸಿಂಥೆಟಿಕ್ ಹಾಕಿದರೆ ಅದುವರೆಗೆ ಜಿಡ್ಡಿನಿಂದ ಮುಚ್ಚಿಕೊಂಡಿದ್ದ ಸಂದುಗಳು ತೆರೆದು ಸೋರಬಹುದು. ದಿನವೂ ಎಣ್ಣೆ ಸುಡುವ ಎಂಜಿನ್ನಿಗೆ ದುಬಾರಿ ಎಣ್ಣೆ ಹಾಕುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಈ ಎರಡರ ನಡುವಿನ ಕಾರುಗಳಿಗೆ, ವರ್ಷಕ್ಕೆ ಎಷ್ಟು ಓಡುತ್ತದೆಂಬುದೇ ತೀರ್ಪುಗಾರ. ಮೇಲಿನ ಲೆಕ್ಕ ಹಾಕಿ ನೋಡಿ.

ದಾರಿಯಲ್ಲಿ ಎಣ್ಣೆ ಕಡಿಮೆಯಾದರೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯಲ್ಲಿವೆ. ದಾರಿಬದಿಯ ಅಂಗಡಿಗಳಲ್ಲಿ ಹೆಚ್ಚಾಗಿ ಕೈಗೆ ಸಿಗುವುದು ಟ್ರ್ಯಾಕ್ಟರಿನ, ಲಾರಿಯ ಎಣ್ಣೆ. ನಿಮ್ಮ ಎಣ್ಣೆಯದೇ ಒಂದು ಲೀಟರು ಡಬ್ಬ ಡಿಕ್ಕಿಯಲ್ಲಿಟ್ಟುಕೊಂಡರೆ ಚಿಂತೆಯಿಲ್ಲ. ಅದಿಲ್ಲದೆ ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದರೆ ಎಣ್ಣೆಯಿಲ್ಲದೆ ಓಡಿಸುವುದಕ್ಕಿಂತ ಸಿಕ್ಕಿದ ಎಂಜಿನ್ ಎಣ್ಣೆ ಅರ್ಧ ಲೀಟರು ಹಾಕುವುದು ಲೇಸು. ಸಾದಾ ಮತ್ತು ಸಿಂಥೆಟಿಕ್ ಎಂಜಿನ್ ಎಣ್ಣೆಗಳು ಬೆರೆತರೆ ಒಡೆಯುವುದಿಲ್ಲ. ಗುಣ ಮಾತ್ರ ತಗ್ಗುತ್ತದೆ. ಊರಿಗೆ ಬಂದೊಡನೆ ಬದಲಿಸಿದರಾಯಿತು. ಆದರೆ ಟ್ರ್ಯಾಕ್ಟರಿನ ಗೇರು, ಹೈಡ್ರಾಲಿಕ್ ಮತ್ತು ಬ್ರೇಕಿಗೆ ಹಾಕುವ ಎಣ್ಣೆಯೂ ಅದೇ ಕಪಾಟಿನಲ್ಲಿರುತ್ತದೆ. ಅದನ್ನು ಎಂಜಿನ್ನಿಗೆ ಹಾಕಲೇಬಾರದು. ಕೆಂಪು ಎಣ್ಣೆದೀಪ ಹತ್ತಿದರೆ ಮುಂದಿನ ಊರಿನವರೆಗೆ ಎನ್ನದೆ ಅಲ್ಲೇ ಎಂಜಿನ್ ನಿಲ್ಲಿಸಿ. ಆ ದೀಪ ಹೇಳುವುದು ಒತ್ತಡ ಇಲ್ಲವೆಂದು. ಸೀಜ್ ಆಗಲು ಕೆಲವು ನಿಮಿಷ ಸಾಕು.

ಡಬ್ಬವನ್ನು ಪರಿಚಯದ ಅಂಗಡಿಯಲ್ಲೇ ಕೊಳ್ಳಿ. ಸೀಲು ನೋಡಿ, ನಿಮ್ಮ ಎದುರೇ ಒಡೆಸಿ. ಖಾಲಿ ಡಬ್ಬಕ್ಕೆ ತೂತು ಮಾಡಿಸಿ. ಹಾಗೆಯೇ ಬಿಟ್ಟುಬಂದ ಡಬ್ಬ ನಕಲಿ ಎಣ್ಣೆ ತುಂಬಿಕೊಂಡು ಮತ್ತೊಬ್ಬ ಸದಸ್ಯರ ಮನೆ ಸೇರಬಹುದು.

ತೆಗೆದ ಎಣ್ಣೆ

ತೆಗೆದ ಕಪ್ಪೆಣ್ಣೆಯನ್ನು ಗೆದ್ದಲಿಗೆಂದು ಬೇಲಿಗೂಟದ ಬುಡಕ್ಕೆ ಸುರಿಯುವ, ಹಳ್ಳದ ದಂಡೆಯಲ್ಲಿ ಚೆಲ್ಲುವ ಅಭ್ಯಾಸ ನಮ್ಮಲ್ಲಿದೆ. ಅದರಲ್ಲಿ ಸವೆದ ಲೋಹವೂ ವಿಷಕಾರಿ ವಸ್ತುಗಳೂ ಇವೆ. ಮೊದಲ ಮಳೆಗೆ ಅದು ಕೆಳಗಿನವರ ಬಾವಿಗೆ ಸೇರುತ್ತದೆ. 2016ರ ನಿಯಮಗಳಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಮುಚ್ಚಳದ ಡಬ್ಬದಲ್ಲಿ ಕೂಡಿಟ್ಟು, ಪರವಾನಗಿಯುಳ್ಳ ಸಂಗ್ರಹಕಾರರಿಗೆ ಕೊಡುವ ಗ್ಯಾರೇಜಿಗೇ ಒಪ್ಪಿಸಿ.

ಹೊರಡುವ ಮುನ್ನ ನೋಡತಕ್ಕ ಅಂಶಗಳು

ಇವನ್ನು ಕತ್ತರಿಸಿ ಕಾರಿನ ಕೈಪಿಡಿಯೊಳಗೆ ಇಟ್ಟುಕೊಳ್ಳಬಹುದು.

1. ಡಬ್ಬದ ಬಿರುದನ್ನಲ್ಲ, ಗ್ರೇಡನ್ನೂ ಗುಣಮಟ್ಟದ ಅಕ್ಷರವನ್ನೂ ಕೈಪಿಡಿಯೊಡನೆ ಹೋಲಿಸಿ ನೋಡಿ.
2. ಸಮನೆಲದಲ್ಲಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಡಿಪ್‌ಸ್ಟಿಕ್ ನೋಡಿ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು, ಮೇಲೇರಿದರೂ ತೊಂದರೆಯೇ.
3. ಎಣ್ಣೆ ಬದಲಿಸಿದಾಗಲೆಲ್ಲ ಆಯಿಲ್ ಫಿಲ್ಟರನ್ನೂ ಬದಲಿಸಿ.
4. ಸಿಂಧನೂರಿಗೆ ಹೋಗುವ ಮುನ್ನ ಮತ್ತು ಬಂದ ಮೇಲೆ ಏರ್ ಫಿಲ್ಟರ್, ರೇಡಿಯೇಟರಿನ ಸಂದು ಶುದ್ಧಿ ಮಾಡಿಸಿ.
5. ಬದಲಿಸಿದ ತಾರೀಕು, ಕಿಲೋಮೀಟರು, ಎಣ್ಣೆಯ ಗ್ರೇಡು ಮೂರನ್ನೂ ಬರೆದಿಡಿ. ಕಿಲೋಮೀಟರು ತುಂಬದಿದ್ದರೂ ವರ್ಷ ತುಂಬಿದರೆ ಬದಲಿಸಿ. ಮಳೆಗಾಲ ಕಳೆದು ಕೊಯ್ಲಿಗೆ ಮೊದಲು ಬದಲಿಸುವುದು ನಮ್ಮ ಸೀಮೆಗೆ ಸರಿಯಾದ ಕಾಲ.